ಕಣ್ಣಿಗೆ ಕಾಣದ ಊನ: ಆಸ್ಟ್ರೇಲಿಯದ ಸೆರೆಮನೆಗಳಲ್ಲಿ ಮೂಲನಿವಾಸಿಗಳ ಯೋಗಕ್ಷೇಮ

ಕಾಲು ಕಳೆದುಕೊಂಡವನು ಊರುಗೋಲನ್ನು ಹಿಡಿದು ಬರುವುದನ್ನು ಕಂಡೊಡನೆ ನಾವು ದಾರಿ ಬಿಟ್ಟು ನಿಲ್ಲುತ್ತೇವೆ. ಅಂಧನ ಕೈಯಲ್ಲಿರುವ ಬಿಳಿಯ ಕೋಲು ಅವನ ಸ್ಥಿತಿಯನ್ನು ತಾನೇ ಸಾರಿ ಹೇಳುತ್ತದೆ. ದೇಹದ ಊನಕ್ಕೆ ಸಾಮಾನ್ಯವಾಗಿ ಒಂದು ಹೊರಗುರುತು ಇರುತ್ತದೆ. ಆ ಗುರುತೇ ಬೇಕಾದ ನೆರವನ್ನು ಕರೆದು ತರುತ್ತದೆ. ಮಿದುಳಿನ ವ್ಯಾಪಾರದಲ್ಲಿ ಉಂಟಾದ ಊನಕ್ಕೆ ಮಾತ್ರ ಇಂಥ ಗುರುತಿಲ್ಲ. ಕೇಳಿದ್ದನ್ನು ಗ್ರಹಿಸುವುದು, ಗ್ರಹಿಸಿದ್ದನ್ನು ನೆನಪಿನಲ್ಲಿಡುವುದು, ಮುಂದೇನಾದೀತೆಂದು ಎಣಿಸುವುದು, ಉದ್ವೇಗವನ್ನು ತಡೆಹಿಡಿಯುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸನ್ನು ಹೊರಳಿಸುವುದು ಇವೆಲ್ಲವೂ ಮಿದುಳಿನ ಕೆಲಸಗಳು. ಇವುಗಳಲ್ಲಿ ಒಂದೋ ಹಲವೋ ಕುಂದಿದ್ದರೆ ಅದನ್ನು ಗ್ರಹಣಶಕ್ತಿಯ ಊನವೆಂದು ಕರೆಯಬಹುದು. ಹುಟ್ಟಿನಿಂದಲೇ ಬಂದ ಬುದ್ಧಿಯ ಬೆಳವಣಿಗೆಯ ಕೊರತೆ, ತಲೆಗೆ ಬಿದ್ದ ಪೆಟ್ಟು, ಗರ್ಭದಲ್ಲಿರುವಾಗ ತಗಲಿದ ವಿಷ, ಮುಪ್ಪಿನ ಮರೆವು ಮೊದಲಾದ ಹಲವು ಕಾರಣಗಳಿಂದ ಅದು ಉಂಟಾಗುತ್ತದೆ.

ಇಂಥ ಊನವುಳ್ಳವನು ನಮ್ಮ ಪಕ್ಕದಲ್ಲಿಯೇ ನಡೆದು ಹೋದರೂ ನಮಗೆ ತಿಳಿಯುವುದಿಲ್ಲ. ಅವನು ಹೇಳಿದ ಮಾತನ್ನು ಕೇಳದಿದ್ದರೆ ‘ಹಟಮಾರಿ’ ಎನ್ನುತ್ತೇವೆ. ಹೊತ್ತಿಗೆ ಸರಿಯಾಗಿ ಬಾರದಿದ್ದರೆ ‘ಸೋಮಾರಿ’ ಎನ್ನುತ್ತೇವೆ. ಅದೇ ತಪ್ಪನ್ನು ಮತ್ತೆ ಮಾಡಿದರೆ ‘ತಿದ್ದಲಾಗದ ದುಷ್ಟ’ ಎಂದುಬಿಡುತ್ತೇವೆ. ಕನ್ನಡದಲ್ಲಿ ‘ಮಾಡಲೊಲ್ಲ’ ಎಂಬ ಮಾತಿಗೂ ‘ಮಾಡಲಾರ’ ಎಂಬ ಮಾತಿಗೂ ನಡುವೆ ಒಂದೆರಡು ಅಕ್ಷರಗಳ ಅಂತರವಷ್ಟೇ ಇದೆ. ಆದರೆ ಮೊದಲನೆಯದಕ್ಕೆ ದಂಡನೆ ಉತ್ತರವಾದರೆ, ಎರಡನೆಯದಕ್ಕೆ ನೆರವು ಉತ್ತರವಾಗಬೇಕು. ಇವೆರಡರ ಭೇದವನ್ನು ಅರಿಯದೆ ಹೋದಾಗ ಏನಾಗುತ್ತದೆಂಬುದನ್ನು ಆಸ್ಟ್ರೇಲಿಯ ಖಂಡದ ಮೂಲನಿವಾಸಿಗಳ ಅನುಭವದಲ್ಲಿ ಸ್ಪಷ್ಟವಾಗಿ ಕಾಣಬಹುದು.

ಸಂಖ್ಯೆಗಳು ಹೇಳುವ ಕಥೆ

ಆಸ್ಟ್ರೇಲಿಯದ ಮೂಲನಿವಾಸಿಗಳಲ್ಲಿ ಎರಡು ಸಮುದಾಯಗಳುಂಟು. ಖಂಡದ ನೆಲದಲ್ಲಿ ಹರಡಿಕೊಂಡಿರುವ ಅಬೊರಿಜಿನಲ್ ಜನಾಂಗಗಳು ಒಂದು. ಉತ್ತರದ ಟಾರೆಸ್ ಜಲಸಂಧಿಯ ದ್ವೀಪವಾಸಿಗಳು ಇನ್ನೊಂದು. ಇವರಲ್ಲಿ ಅಬೊರಿಜಿನಲ್ ಜನರ ಪೂರ್ವಿಕರು ಐವತ್ತು ಸಾವಿರ ವರ್ಷಗಳಿಗೂ ಹಿಂದೆಯೇ ಆ ನೆಲದಲ್ಲಿ ನೆಲಸಿದ್ದರೆಂಬುದಕ್ಕೆ ಪುರಾತತ್ತ್ವದ ಆಧಾರಗಳಿವೆ. ೧೭೮೮ರಲ್ಲಿ ಬ್ರಿಟಿಷರು ಅಲ್ಲಿ ಮೊದಲ ವಸಾಹತನ್ನು ಹೂಡಿದಾಗ ಈ ಜನರು ಇನ್ನೂರೈವತ್ತಕ್ಕೂ ಹೆಚ್ಚು ಭಾಷೆಗಳನ್ನು ಆಡುತ್ತಿದ್ದರು. ಆ ಮೇಲೆ ನೆಲವು ಕೈತಪ್ಪಿತು. ಹೊಸ ರೋಗಗಳೂ ಕೊಲೆಗಳೂ ಜನಸಂಖ್ಯೆಯನ್ನು ಇಳಿಸಿದವು. ಇಪ್ಪತ್ತನೆಯ ಶತಮಾನದಲ್ಲಿ, ೧೯೭೦ರ ಸುಮಾರಿನವರೆಗೂ, ಅನೇಕ ಮಕ್ಕಳನ್ನು ತಾಯಿತಂದೆಯರಿಂದ ಬೇರ್ಪಡಿಸಿ ಅನಾಥಾಲಯಗಳಿಗೂ ಬಿಳಿಯರ ಮನೆಗಳಿಗೂ ಒಪ್ಪಿಸಲಾಯಿತು. ಈ ಕ್ರಮದ ಸಮಗ್ರ ವಿಚಾರಣೆಯ ವರದಿ ೧೯೯೭ರಲ್ಲಿ ಹೊರಬಂದಿತು.

ಇಂದು ಆ ದೇಶದ ಒಟ್ಟು ಜನಸಂಖ್ಯೆಯಲ್ಲಿ ಮೂಲನಿವಾಸಿಗಳ ಪ್ರಮಾಣ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಕಡಮೆ. ಆದರೆ ಸೆರೆಮನೆಗಳಲ್ಲಿರುವ ವಯಸ್ಕರಲ್ಲಿ ಮೂವರಿಗೆ ಒಬ್ಬರಂತೆ ಅವರೇ ಇದ್ದಾರೆ. ಈ ವಿಷಮತೆಗೆ ಬಹಳ ಹಿಂದೆಯೇ ಗಮನ ಹರಿದಿತ್ತು. ಬಂಧನದಲ್ಲಿ ಸತ್ತ ೯೯ ಮಂದಿ ಮೂಲನಿವಾಸಿಗಳ ಮರಣವನ್ನು ವಿಚಾರಿಸುವುದಕ್ಕಾಗಿ ೧೯೮೭ರಲ್ಲಿ ನೇಮಕವಾದ ರಾಯಲ್ ಕಮಿಷನ್ ೧೯೯೧ರಲ್ಲಿ ೩೩೯ ಶಿಫಾರಸುಗಳುಳ್ಳ ವರದಿಯನ್ನು ಒಪ್ಪಿಸಿತು. ಬಂಧನಕ್ಕೆ ಒಳಗಾದ ಬಳಿಕ ಇವರು ಇತರರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಸಾಯುತ್ತಿರಲಿಲ್ಲವೆಂದೂ, ಬಂಧನಕ್ಕೆ ಒಳಗಾಗುವವರ ಪ್ರಮಾಣವೇ ವಿಪರೀತವಾಗಿದ್ದುದರಿಂದ ಸಾವುಗಳೂ ಹೆಚ್ಚಿದುವೆಂದೂ ಕಮಿಷನ್ ಕಂಡುಕೊಂಡಿತು. ಆ ವರ್ಷ ಸೆರೆಯಾಳುಗಳಲ್ಲಿ ಮೂಲನಿವಾಸಿಗಳು ನೂರಕ್ಕೆ ೧೪ರಷ್ಟಿದ್ದರು. ಅಂದಿನ ೧೪ ಇಂದು ಮೂವತ್ತನ್ನು ಮೀರಿದೆಯೆಂದರೆ ವರದಿಯ ಮುಖ್ಯ ಉದ್ದೇಶವು ಈಡೇರಲಿಲ್ಲವೆಂದೇ ಹೇಳಬೇಕು.

ಇದಕ್ಕೆ ಬಡತನ, ನಿರ್ವಸತಿ, ಪೊಲೀಸರ ಪಕ್ಷಪಾತ ಮುಂತಾದ ಕಾರಣಗಳನ್ನು ಎಲ್ಲರೂ ಬಲ್ಲರು. ಬಹುಕಾಲ ಮರೆಯಲ್ಲಿಯೇ ಉಳಿದ ಕಾರಣ ಮತ್ತೊಂದಿದೆ. ಸೆರೆಗೆ ಬಂದವರಲ್ಲಿ ಹಲವರ ಗ್ರಹಣಶಕ್ತಿಯಲ್ಲಿ ಊನವಿತ್ತು. ಅದನ್ನು ಯಾರೂ ಪರೀಕ್ಷಿಸಿರಲಿಲ್ಲ.

ಗರ್ಭದಲ್ಲಿಯೇ ತಗಲಿದ ಪೆಟ್ಟು

ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದ ಬಳಿ ಬ್ಯಾಂಕ್ಸಿಯ ಹಿಲ್ ಎಂಬ ಬಾಲಾಪರಾಧಿಗಳ ಬಂಧನಾಲಯವಿದೆ. ೨೦೧೫–೧೬ರಲ್ಲಿ ವೈದ್ಯರು, ಮನಶ್ಶಾಸ್ತ್ರಜ್ಞರು, ಮಾತಿನ ದೋಷಗಳನ್ನು ತಿದ್ದುವ ತಜ್ಞರು ಕೂಡಿ ಅಲ್ಲಿದ್ದ, ಹತ್ತರಿಂದ ಹದಿನೇಳು ವಯಸ್ಸಿನ ೯೯ ಮಂದಿಯನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಇವರಲ್ಲಿ ಮುಕ್ಕಾಲು ಪಾಲಿನಷ್ಟು ಮೂಲನಿವಾಸಿಗಳ ಮಕ್ಕಳು. ೨೦೧೮ರಲ್ಲಿ ಪ್ರಕಟವಾದ ಫಲಿತಾಂಶ ತಜ್ಞರನ್ನೂ ಬೆರಗುಗೊಳಿಸಿತು. ೯೯ರಲ್ಲಿ ೮೮ ಮಂದಿಗೆ ಮಿದುಳಿನ ಯಾವುದಾದರೊಂದು ವ್ಯಾಪಾರದಲ್ಲಿ ತೀವ್ರವಾದ ಊನವಿತ್ತು. ೩೬ ಮಂದಿಯಲ್ಲಿ ಕಂಡುಬಂದದ್ದು, ತಾಯಿ ಗರ್ಭಿಣಿಯಾಗಿದ್ದಾಗ ಸೇವಿಸಿದ ಮದ್ಯದಿಂದ ಶಿಶುವಿಗುಂಟಾಗುವ ಊನ; ಇದನ್ನು ವೈದ್ಯರು ಸಂಕ್ಷೇಪವಾಗಿ ‘ಎಫ್.ಎ.ಎಸ್.ಡಿ.’ ಎನ್ನುತ್ತಾರೆ. ಈ ೩೬ ಮಂದಿಯಲ್ಲಿ ಇಬ್ಬರಿಗೆ ಮಾತ್ರ ಊನವಿದೆಯೆಂಬುದು ಮೊದಲೇ ಗೊತ್ತಾಗಿತ್ತು. ಉಳಿದ ೩೪ ಮಂದಿ ಶಾಲೆಯನ್ನೂ ಪೊಲೀಸರನ್ನೂ ನ್ಯಾಯಾಲಯವನ್ನೂ ದಾಟಿ, ಸೆರೆಯ ಬಾಗಿಲನ್ನು ಹೊಕ್ಕ ಮೇಲೆಯೇ ಅವರ ಪಾಡು ಬೆಳಕಿಗೆ ಬಂದಿತು.

ಮದ್ಯದಿಂದ ಈ ಹಾನಿ ಹೇಗಾಗುತ್ತದೆ? ತಾಯಿಯ ರಕ್ತದಲ್ಲಿರುವ ಮದ್ಯಸಾರವು ಮಾಸನ್ನು ದಾಟಿ ಶಿಶುವಿನ ರಕ್ತವನ್ನು ಸೇರುತ್ತದೆ. ತಾಯಿಯ ಯಕೃತ್ತು ಅದನ್ನು ಬೇಗ ಒಡೆದುಹಾಕಬಲ್ಲುದು; ಶಿಶುವಿನ ಯಕೃತ್ತು ಇನ್ನೂ ಎಳೆಯದಾದುದರಿಂದ ಅದಕ್ಕೆ ಆ ಶಕ್ತಿ ಇಲ್ಲ. ಆ ಕಾಲದಲ್ಲಿ ಮಿದುಳಿನ ನರಕೋಶಗಳು ಹುಟ್ಟಿ, ತಮ್ಮ ತಮ್ಮ ನೆಲೆಗಳಿಗೆ ಸರಿದು, ಒಂದರೊಡನೊಂದು ಸಂಬಂಧವನ್ನು ಬೆಸೆದುಕೊಳ್ಳುತ್ತಿರುತ್ತವೆ. ಮದ್ಯಸಾರವು ಕೆಲವು ಕೋಶಗಳನ್ನು ಕೊಲ್ಲುತ್ತದೆ, ಕೆಲವನ್ನು ದಾರಿ ತಪ್ಪಿಸುತ್ತದೆ. ಹೀಗೆ ಉಂಟಾದ ಹಾನಿ ಜೀವಮಾನವಿಡೀ ಉಳಿಯುತ್ತದೆ. ಫ್ರಾನ್ಸಿನ ವೈದ್ಯ ಲೆಮ್ವಾನ್ ೧೯೬೮ರಲ್ಲಿಯೂ, ಅಮೆರಿಕದ ಜೋನ್ಸ್ ಮತ್ತು ಸ್ಮಿತ್ ಎಂಬ ವೈದ್ಯರು ೧೯೭೩ರಲ್ಲಿಯೂ ಇದನ್ನು ವರ್ಣಿಸಿದರು. ಕೆಲವು ಮಕ್ಕಳ ಮುಖಲಕ್ಷಣದಲ್ಲಿ ಇದರ ಗುರುತು ಕಾಣುತ್ತದೆ. ಬಹುಮಂದಿಯಲ್ಲಿ ಅದೂ ಇಲ್ಲ. ಇದು ಯಾವುದೇ ಒಂದು ಜನಾಂಗದ ರೋಗವಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಗರ್ಭಿಣಿಯರು ಮದ್ಯವನ್ನು ಸೇವಿಸುವ ಎಲ್ಲ ದೇಶಗಳಲ್ಲಿಯೂ ಇದು ಉಂಟು.

ಈ ಊನವುಳ್ಳ ಬಾಲಕನು ಸರಾಗವಾಗಿ ಮಾತನಾಡಬಲ್ಲನು. ನೋಡುವವರಿಗೆ ಚುರುಕಾಗಿಯೇ ತೋರಬಹುದು. ಆದರೆ ನಾಲ್ಕು ಆಜ್ಞೆಗಳನ್ನು ಒಟ್ಟಿಗೆ ಕೊಟ್ಟರೆ ಮೊದಲಿನದೊಂದು ಮಾತ್ರ ಅವನಲ್ಲಿ ನಿಲ್ಲುತ್ತದೆ. ನಿನ್ನೆ ಕಲಿತದ್ದು ಇಂದು ಮರೆತುಹೋಗುತ್ತದೆ. ಹಿಂದೆ ಆದ ಶಿಕ್ಷೆಯನ್ನು ನೆನೆದು ಮುಂದಿನ ತಪ್ಪಿನಿಂದ ಹಿಮ್ಮೆಟ್ಟುವುದು ಅವನಿಗೆ ಕಷ್ಟ. ದಂಡನೆಯ ತತ್ತ್ವವಾದರೋ ಮನುಷ್ಯನು ಕಾರಣಕ್ಕೂ ಪರಿಣಾಮಕ್ಕೂ ಸಂಬಂಧವನ್ನು ಕಲ್ಪಿಸಿಕೊಳ್ಳುತ್ತಾನೆಂಬ ನಂಬಿಕೆಯ ಮೇಲೆಯೇ ನಿಂತಿದೆ. ಆ ಸಂಬಂಧವನ್ನು ಕಲ್ಪಿಸುವ ಅಂಗವೇ ಕುಂದಿದ್ದರೆ ದಂಡನೆಯು ಏನನ್ನು ಕಲಿಸೀತು?

ಕೇಳಿಸದ ಆಜ್ಞೆ

ಇದರ ಜೊತೆಗೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಅದು ನಡುಗಿವಿಯ ಸೋಂಕು. ಹೆಚ್ಚು ಜನರು ಒಂದೇ ಮನೆಯಲ್ಲಿ ಇಕ್ಕಟ್ಟಾಗಿ ಬಾಳುವ, ನೀರಿಗೂ ವೈದ್ಯರಿಗೂ ಕೊರತೆಯಿರುವ ಕಡೆಗಳಲ್ಲಿ ಎಳೆಗೂಸುಗಳ ಕಿವಿಗೆ ಸೋಂಕು ಪದೇ ಪದೇ ತಗಲಿ, ಕಿವಿಯ ತಮಟೆ ತೂತಾಗಿ ಕೀವು ಸೋರತೊಡಗುತ್ತದೆ. ಒಂದು ಸಮುದಾಯದ ನೂರು ಮಕ್ಕಳಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಗೆ ಈ ಸೋರುವ ಕಿವಿಯಿದ್ದರೆ ತುರ್ತಾದ ಚಿಕಿತ್ಸಾಯೋಜನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆಸ್ಟ್ರೇಲಿಯದ ಒಳನಾಡಿನ ಕೆಲವು ಮೂಲನಿವಾಸಿ ಊರುಗಳಲ್ಲಿ ಅದು ಈ ಮಿತಿಯ ಹಲವು ಪಟ್ಟು ಕಂಡುಬಂದಿದೆ.

ಕಿವುಡುತನವು ಬುದ್ಧಿಯ ಊನವಲ್ಲ. ಆದರೆ ಮಗುವಿನ ಮಿದುಳು ಭಾಷೆಯನ್ನು ಹೀರಿಕೊಳ್ಳುವ ಮೊದಲ ಮೂರು ನಾಲ್ಕು ವರ್ಷಗಳಲ್ಲಿ ಮಾತು ಮಸುಕಾಗಿ ಕೇಳಿಸಿದರೆ ಭಾಷೆಯೂ ಓದೂ ಹಿಂದೆ ಬೀಳುತ್ತವೆ. ಮಿದುಳಿನ ಊನ ಮೊದಲೇ ಇದ್ದರಂತೂ ಎರಡೂ ಒಂದನ್ನೊಂದು ಹೆಚ್ಚಿಸುತ್ತವೆ. ೨೦೧೧ರಲ್ಲಿ ಉತ್ತರ ಪ್ರಾಂತದ ಸೆರೆಮನೆಗಳಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಪರೀಕ್ಷಿಸಲಾದ ಮೂಲನಿವಾಸಿ ಸೆರೆಯಾಳುಗಳಲ್ಲಿ ನೂರಕ್ಕೆ ೯೦ಕ್ಕಿಂತ ಹೆಚ್ಚು ಮಂದಿಯ ಶ್ರವಣಶಕ್ತಿ ಗಣನೀಯವಾಗಿ ಕುಗ್ಗಿತ್ತು. ಗೋಡೆಗಳೆಲ್ಲ ಕಾಂಕ್ರೀಟು, ಬಾಗಿಲುಗಳೆಲ್ಲ ಕಬ್ಬಿಣವಾಗಿರುವ ಸೆರೆಮನೆಯಲ್ಲಿ ಶಬ್ದವು ಪ್ರತಿಧ್ವನಿಸಿ ಮಾತು ಕಲಸಿಹೋಗುತ್ತದೆ. ಕಾವಲುಗಾರನು ಹಿಂದಿನಿಂದ ಕೂಗಿದ ಆಜ್ಞೆ ಕೇಳಿಸದವನು ತಿರುಗಿ ನೋಡುವುದಿಲ್ಲ. ಅದು ಅವಿಧೇಯತೆಯೆಂದು ದಾಖಲೆಯಾಗುತ್ತದೆ.

‘ಹೌದು’ ಎಂಬ ಮಾತಿನ ಅಪಾಯ

ಸೆರೆಗೆ ಮುಂಚಿನ ಹಂತವಾದ ವಿಚಾರಣೆಯತ್ತ ಈಗ ನೋಡೋಣ. ಆಸ್ಟ್ರೇಲಿಯದ ಭಾಷಾಶಾಸ್ತ್ರಜ್ಞೆ ಡಯಾನ ಈಡ್ಸ್ ಅವರು ಮೂಲನಿವಾಸಿಗಳ ಇಂಗ್ಲಿಷಿನ ಬಳಕೆಯನ್ನು ದೀರ್ಘಕಾಲ ಅಭ್ಯಸಿಸಿದ್ದಾರೆ. ಅಧಿಕಾರದಲ್ಲಿರುವವನು ಒಂದರ ಮೇಲೊಂದು ಪ್ರಶ್ನೆ ಹಾಕುತ್ತಿದ್ದರೆ, ಅರ್ಥವಾಗದಿದ್ದರೂ ಮನಸ್ಸಿಗೆ ಒಪ್ಪಿಗೆಯಿಲ್ಲದಿದ್ದರೂ ‘ಹೌದು’ ಎನ್ನುವ ವಾಡಿಕೆ ಹಲವರಲ್ಲಿದೆಯೆಂದು ಅವರು ತೋರಿಸಿದರು. ಇದನ್ನು ನಾವು ‘ಬರಿಯ ಸಮ್ಮತಿ’ ಎನ್ನಬಹುದು. ಇದು ಸುಳ್ಳಲ್ಲ, ಎದುರಿನವನ ಕೋಪವನ್ನು ತಣಿಸಿ ಮಾತನ್ನು ಮುಗಿಸುವ ಉಪಾಯ. ಉತ್ತರಕ್ಕೆ ಮುಂಚೆ ಬಹಳ ಹೊತ್ತು ಮೌನವಾಗಿರುವುದೂ ಅವರಲ್ಲಿ ಮರ್ಯಾದೆಯ ಲಕ್ಷಣವೇ. ಪೊಲೀಸನ ಕಣ್ಣಿಗೆ ಅದೇ ಮೌನವು ಅಪರಾಧದ ಅಳುಕಾಗಿ ತೋರುತ್ತದೆ.

ಉತ್ತರ ಪ್ರಾಂತದ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಫಾರ್ಸ್ಟರ್ ಅವರು ಇದನ್ನು ಮನಗಂಡು, ೧೯೭೬ರಲ್ಲಿ ಪೊಲೀಸರು ಪಾಲಿಸಬೇಕಾದ ಕೆಲವು ನಿಯಮಗಳನ್ನು ಗೊತ್ತುಪಡಿಸಿದರು. ಆ ಮೊಕದ್ದಮೆಯ ಹೆಸರಿನಿಂದ ಅವು ‘ಅನುಂಗ ನಿಯಮಗಳು’ ಎಂದು ಪ್ರಸಿದ್ಧವಾಗಿವೆ. ಇಂಗ್ಲಿಷು ಚೆನ್ನಾಗಿ ಬಾರದವನಿಗೆ ದುಭಾಷಿ ಬೇಕು; ಅವನಿಗೆ ನಂಬಿಕೆಯುಳ್ಳ ಒಬ್ಬ ಸ್ನೇಹಿತನು ಬಳಿಯಲ್ಲಿರಬೇಕು; ‘ನೀನು ಉತ್ತರಿಸಲೇಬೇಕೆಂದಿಲ್ಲ’ ಎಂಬ ಎಚ್ಚರಿಕೆಯನ್ನು ಓದಿ ಹೇಳಿದರೆ ಸಾಲದು, ಅದರ ಅರ್ಥವನ್ನು ಅವನಿಂದ ಅವನ ಮಾತಿನಲ್ಲಿಯೇ ಹೇಳಿಸಬೇಕು; ಉತ್ತರವನ್ನು ಸೂಚಿಸುವಂಥ ಪ್ರಶ್ನೆಯನ್ನು ಹಾಕಬಾರದು; ಅವನು ದಣಿದಾಗಲೋ ರೋಗದಿಂದಿರುವಾಗಲೋ ವಿಚಾರಿಸಬಾರದು. ಇವು ಈ ನಿಯಮಗಳ ಸಾರ.

ಗ್ರಹಣಶಕ್ತಿಯ ಊನವುಳ್ಳವರೂ, ಯಾವ ದೇಶದವರಾಗಿರಲಿ, ಅರ್ಥವಾಗದ ಪ್ರಶ್ನೆಗೆ ‘ಹೌದು’ ಎಂದುಬಿಡುವುದು ಮನಶ್ಶಾಸ್ತ್ರಜ್ಞರಿಗೆ ಚಿರಪರಿಚಿತವಾದ ಸಂಗತಿ. ತಮಗೆ ತಿಳಿಯಲಿಲ್ಲವೆಂಬುದನ್ನು ಮರೆಮಾಡಲು ಅವರು ಬಾಲ್ಯದಿಂದ ಕಲಿತ ವಿದ್ಯೆ ಅದು. ಮೂಲನಿವಾಸಿಯೂ ಆಗಿ ಊನವೂ ಇದ್ದವನಲ್ಲಿ ಈ ಎರಡು ವಾಡಿಕೆಗಳೂ ಕೂಡಿಕೊಳ್ಳುತ್ತವೆ. ಮುಂದೆ ಜಾಮೀನು ಸಿಕ್ಕಿದರೂ ಅದರ ಷರತ್ತುಗಳು ಅವನ ಜ್ಞಾಪಕಶಕ್ತಿಯನ್ನು ಮೀರುತ್ತವೆ. ಇಂಥ ದಿನ ಇಷ್ಟು ಗಂಟೆಗೆ ಠಾಣೆಗೆ ಬರಬೇಕು, ಇಂಥ ಬೀದಿಗೆ ಹೋಗಬಾರದು, ಇಂಥವರೊಡನೆ ಇರಬಾರದು ಎಂಬುವನ್ನು ಅವನು ತಲೆಯಾಡಿಸಿ ಒಪ್ಪುತ್ತಾನೆ, ಮರುದಿನವೇ ಮರೆಯುತ್ತಾನೆ. ಷರತ್ತನ್ನು ಮುರಿದುದೇ ಹೊಸ ಅಪರಾಧವಾಗಿ ಅವನನ್ನು ಸೆರೆಗೆ ಒಯ್ಯುತ್ತದೆ.

ಶಿಕ್ಷೆಯಿಲ್ಲದ ಸೆರೆ

ಆರೋಪವನ್ನು ಅರಿತು ತನ್ನ ವಕೀಲನಿಗೆ ವಿಷಯವನ್ನು ತಿಳಿಸಲಾರದವನನ್ನು ವಿಚಾರಣೆಗೆ ಗುರಿಮಾಡಬಾರದೆಂಬುದು ಇಂಗ್ಲಿಷ್ ನ್ಯಾಯಪದ್ಧತಿಯ ಹಳೆಯ ತತ್ತ್ವ. ತತ್ತ್ವವು ಕರುಣೆಯಿಂದಲೇ ಹುಟ್ಟಿದ್ದು. ಆದರೆ ವಿಚಾರಣೆಯಿಲ್ಲದಿದ್ದರೆ ತೀರ್ಪಿಲ್ಲ. ತೀರ್ಪಿಲ್ಲದಿದ್ದರೆ ಶಿಕ್ಷೆಯ ಅವಧಿಯಿಲ್ಲ. ಅವಧಿಯಿಲ್ಲದಿದ್ದರೆ ಬಿಡುಗಡೆಯ ದಿನವೂ ಇಲ್ಲ. ಪಶ್ಚಿಮ ಆಸ್ಟ್ರೇಲಿಯದ ೧೯೯೬ರ ಕಾನೂನಿನಲ್ಲಿ ಇಂಥವನನ್ನು ಗೊತ್ತಾದ ಮಿತಿಯಿಲ್ಲದೆ ಹಿಡಿದಿಡಲು ಅವಕಾಶವಿತ್ತು.

ಬುದ್ಧಿಯ ಊನವಿದ್ದ ಒಬ್ಬ ಮೂಲನಿವಾಸಿ ತರುಣನ ಮೇಲೆ ೨೦೦೧ರಲ್ಲಿ ಆರೋಪ ಹೊರಿಸಲಾಯಿತು. ಅವನು ವಿಚಾರಣೆಗೆ ಅರ್ಹನಲ್ಲವೆಂದು ೨೦೦೩ರಲ್ಲಿ ನ್ಯಾಯಾಲಯ ನಿರ್ಣಯಿಸಿತು. ಅವನು ತಪ್ಪು ಮಾಡಿದನೆಂದು ಯಾವ ನ್ಯಾಯಾಲಯವೂ ಹೇಳಲಿಲ್ಲ. ಆದರೂ ೨೦೧೨ರ ಜನವರಿಯವರೆಗೆ, ಅಂದರೆ ಹತ್ತು ವರ್ಷಕ್ಕೂ ಮೇಲ್ಪಟ್ಟು, ಅವನು ಸೆರೆಯಲ್ಲಿದ್ದನು. ಬಿಡುಗಡೆಯಾದ ಮೇಲೂ ಹಲವು ಷರತ್ತುಗಳಿಗೆ ಕಟ್ಟುಬಿದ್ದಿದ್ದನು. ಈ ಸಂಗತಿ ವಿಶ್ವಸಂಸ್ಥೆಯ ಮುಂದೆ ಹೋಯಿತು. ಊನವುಳ್ಳವರ ಹಕ್ಕುಗಳ ಒಪ್ಪಂದವು ೨೦೦೬ರಲ್ಲಿ ಅಂಗೀಕೃತವಾದುದು. ಭಾರತವು ಅದಕ್ಕೆ ೨೦೦೭ರಲ್ಲಿಯೂ ಆಸ್ಟ್ರೇಲಿಯವು ೨೦೦೮ರಲ್ಲಿಯೂ ಬದ್ಧವಾದುವು. ಆ ಒಪ್ಪಂದದ ಸಮಿತಿಯು ೨೦೧೬ರಲ್ಲಿ ಆಸ್ಟ್ರೇಲಿಯವು ಈ ತರುಣನ ಹಕ್ಕುಗಳನ್ನು ಉಲ್ಲಂಘಿಸಿತೆಂದು ಸ್ಪಷ್ಟವಾಗಿ ನುಡಿಯಿತು.

ಬದಲಾವಣೆ ಮೆಲ್ಲಗೆ ಬಂದಿತು. ೨೦೧೫ರಲ್ಲಿ ಪರ್ತ್ ನಗರದಲ್ಲಿ, ಇಂಥವರನ್ನು ಸೆರೆಮನೆಗೆ ಬದಲಾಗಿ ಇರಿಸಲು ಹತ್ತು ಮಂದಿಗೆ ಸ್ಥಳವುಳ್ಳ ಒಂದು ನೆಲೆ ತೆರೆಯಿತು. ಬಂಧನದ ಅವಧಿಗೆ ಮಿತಿ ಹಾಕುವ ಹೊಸ ಕಾನೂನು ಪಶ್ಚಿಮ ಆಸ್ಟ್ರೇಲಿಯದಲ್ಲಿ ೨೦೨೩ರಲ್ಲಿ ಅಂಗೀಕೃತವಾಗಿ ೨೦೨೪ರಲ್ಲಿ ಜಾರಿಗೆ ಬಂದಿತು. ಊನವುಳ್ಳವರ ಮೇಲಿನ ದೌರ್ಜನ್ಯವನ್ನು ವಿಚಾರಿಸಿದ ಇನ್ನೊಂದು ರಾಯಲ್ ಕಮಿಷನ್ ೨೦೨೩ರಲ್ಲಿ ಸಲ್ಲಿಸಿದ ೨೨೨ ಶಿಫಾರಸುಗಳಲ್ಲಿಯೂ ಮಿತಿಯಿಲ್ಲದ ಬಂಧನವನ್ನು ಕೊನೆಗಾಣಿಸಬೇಕೆಂಬ ಮಾತಿದೆ.

ಅಳೆಯುವ ಕೋಲೇ ಸರಿಯಿಲ್ಲದಿದ್ದರೆ

ಊನವನ್ನು ಮೊದಲೇ ಪರೀಕ್ಷಿಸಿ ತಿಳಿಯಬಾರದೇ ಎಂದು ವಾಚಕರು ಕೇಳಬಹುದು. ತಿಳಿಯಬೇಕು, ನಿಜ, ಆದರೆ ಅಳೆಯುವ ಕೋಲು ಯಾವುದು? ಬುದ್ಧಿಯನ್ನು ಅಳೆಯುವ ಪರೀಕ್ಷೆಗಳು ಬಹುಮಟ್ಟಿಗೆ ಯೂರೋಪು ಅಮೆರಿಕಗಳ ನಗರದ ಮಕ್ಕಳಿಗಾಗಿ, ಇಂಗ್ಲಿಷಿನಲ್ಲಿ, ಕಾಗದ ಲೇಖನಿಗಳ ಅಭ್ಯಾಸವನ್ನು ನೆಚ್ಚಿ ರಚಿತವಾದುವು. ೧೯೨೯ರಲ್ಲಿ ಸ್ಟ್ಯಾನ್ಲಿ ಪೋರ್ಟಿಯಸ್ ಎಂಬ ಮನಶ್ಶಾಸ್ತ್ರಜ್ಞನು ತನ್ನ ‘ಚಕ್ರವ್ಯೂಹ’ ಪರೀಕ್ಷೆಯನ್ನು ಒಳನಾಡಿನ ಮೂಲನಿವಾಸಿಗಳಿಗೆ ಕೊಟ್ಟನು. ಕಾಗದದ ಮೇಲೆ ಮುದ್ರಿಸಿದ ಸುತ್ತುದಾರಿಯಲ್ಲಿ ಹೊರಗೆ ಹೋಗುವ ಹಾದಿಯನ್ನು ಪೆನ್ಸಿಲಿನಿಂದ ಗುರುತಿಸಬೇಕು. ತನಗೆ ಉತ್ತರ ಗೊತ್ತಿದ್ದರೂ ಇವನು ನಮಗೆ ನೆರವಾಗುತ್ತಿಲ್ಲವೇಕೆ ಎಂದು ಅವರಿಗೆ ಸೋಜಿಗವಾಯಿತೆಂದು ಆತನೇ ಬರೆದಿದ್ದಾನೆ. ಕಷ್ಟದ ಪ್ರಶ್ನೆಯನ್ನು ನಾಲ್ವರು ಕೂಡಿ ಬಿಡಿಸುವುದು ಅವರ ಪದ್ಧತಿ. ಒಂಟಿಯಾಗಿ ಕುಳಿತು ಬಿಡಿಸುವುದು ಪರೀಕ್ಷಕನ ಪದ್ಧತಿ.

೧೯೮೧ರಲ್ಲಿ ಪ್ರಕಟವಾದ ಜುಡಿತ್ ಕಿಯರಿನ್ಸ್ ಅವರ ಪ್ರಯೋಗವು ಇನ್ನೂ ಸ್ವಾರಸ್ಯವಾದುದು. ಒಂದು ತಟ್ಟೆಯಲ್ಲಿ ಇಪ್ಪತ್ತು ವಸ್ತುಗಳನ್ನು ಜೋಡಿಸಿ, ಮಕ್ಕಳಿಗೆ ಮೂವತ್ತು ಸೆಕೆಂಡು ತೋರಿಸಿ, ಎಲ್ಲವನ್ನೂ ಕಲಸಿ, ಮೊದಲಿನಂತೆ ಜೋಡಿಸಲು ಹೇಳಲಾಯಿತು. ಮರುಭೂಮಿಯ ಮೂಲನಿವಾಸಿ ಮಕ್ಕಳು ಬಿಳಿಯರ ಮಕ್ಕಳನ್ನು ಸುಲಭವಾಗಿ ಮೀರಿಸಿದರು. ಕಲ್ಲು ಎಲೆಗಳಂಥ ಪರಿಚಿತ ವಸ್ತುಗಳಿದ್ದಾಗಲೂ, ಕಾರ್ಖಾನೆಯಲ್ಲಿ ತಯಾರಾದ ವಸ್ತುಗಳಿದ್ದಾಗಲೂ ಹಾಗೆಯೇ ಆಯಿತು. ಬಿಳಿಯರ ಮಕ್ಕಳು ವಸ್ತುಗಳ ಹೆಸರುಗಳನ್ನು ಗೊಣಗುತ್ತ ನೆನಪಿಡಲು ಯತ್ನಿಸಿದರೆ, ಇವರು ಮೌನವಾಗಿ ನೋಡಿ ಇಡೀ ಚಿತ್ರವನ್ನೇ ಮನಸ್ಸಿನಲ್ಲಿ ಇಳಿಸಿಕೊಂಡರು. ಗುರುತು ಕಡಮೆಯಿರುವ ವಿಶಾಲವಾದ ಮರುಭೂಮಿಯಲ್ಲಿ ನೀರನ್ನೂ ದಾರಿಯನ್ನೂ ಹುಡುಕಿ ಬಾಳಿದ ಜನರಿಗೆ ಇದು ಬದುಕಿನ ವಿದ್ಯೆಯೇ ಸರಿ.

ಆದುದರಿಂದ ಇಲ್ಲಿ ಎರಡು ತಪ್ಪುಗಳಿಗೆ ಅವಕಾಶವಿದೆ. ಸಂಸ್ಕೃತಿಯ ಭೇದವನ್ನೇ ಬುದ್ಧಿಯ ಊನವೆಂದು ಬರೆದುಕೊಳ್ಳುವುದು ಮೊದಲನೆಯದು. ನಿಜವಾದ ಊನವನ್ನು ‘ಇವರ ರೀತಿಯೇ ಹೀಗೆ’ ಎಂದು ತಳ್ಳಿಹಾಕುವುದು ಎರಡನೆಯದು. ಮೊದಲನೆಯದು ಜನಾಂಗಕ್ಕೆ ಅವಮಾನ. ಎರಡನೆಯದು ನೆರವು ಬೇಕಾದವನಿಗೆ ಅನ್ಯಾಯ. ಇವೆರಡನ್ನೂ ತಪ್ಪಿಸುವ ದಾರಿಯಿಲ್ಲದೆ ಇಲ್ಲ. ವಾಯವ್ಯದ ಕಿಂಬರ್ಲಿ ಪ್ರದೇಶದಲ್ಲಿ ಹಿರಿಯರ ಮರೆವಿನ ರೋಗವನ್ನು ಪತ್ತೆಹಚ್ಚಲು, ಅಲ್ಲಿಯ ಜನರೊಡನೆ ಸಮಾಲೋಚಿಸಿ, ಬಾಚಣಿಗೆ, ಲೋಟ, ಬೆಂಕಿಕಡ್ಡಿಗಳಂಥ ದಿನಬಳಕೆಯ ವಸ್ತುಗಳನ್ನು ಬಳಸುವ ಪರೀಕ್ಷೆಯೊಂದನ್ನು ವೈದ್ಯರು ಸಿದ್ಧಪಡಿಸಿದರು. ಅದು ವಿಶ್ವಾಸಾರ್ಹವೆಂದು ೨೦೦೬ರಲ್ಲಿ ತೋರಿಸಲಾಯಿತು. ಸೆರೆಮನೆಯ ಪರೀಕ್ಷೆಗಳಿಗೂ ಈ ಮಾರ್ಗವೇ ಮಾದರಿಯಾಗಬೇಕು.

ಯೋಗಕ್ಷೇಮವೆಂದರೇನು?

ಊನವನ್ನು ಗುರುತಿಸಿದ ಮೇಲೆ ಸೆರೆಯಾಳಿನ ಯೋಗಕ್ಷೇಮವನ್ನು ನೋಡಿಕೊಳ್ಳುವುದು ಹೇಗೆ? ಯೋಗಕ್ಷೇಮವೆಂದರೆ ದೇಹದಲ್ಲಿ ರೋಗವಿಲ್ಲದಿರುವುದು ಮಾತ್ರವೇ? ೧೯೮೯ರಲ್ಲಿ ರೂಪಿತವಾದ ಮೂಲನಿವಾಸಿಗಳ ರಾಷ್ಟ್ರೀಯ ಆರೋಗ್ಯಯೋಜನೆಯು ಹಾಗಲ್ಲವೆಂದು ಹೇಳಿತು. ಇಡೀ ಸಮುದಾಯದ ಸಾಮಾಜಿಕ, ಭಾವನಾತ್ಮಕ, ಸಾಂಸ್ಕೃತಿಕ ಕ್ಷೇಮವೂ ಸೇರಿ ಆರೋಗ್ಯವಾಗುತ್ತದೆಂಬುದು ಅದರ ಅಭಿಪ್ರಾಯ. ಮೂಲನಿವಾಸಿಗಳಿಂದ ಬಂದ ಮೊದಲ ಮನಶ್ಶಾಸ್ತ್ರಜ್ಞೆಯೆಂದು ಹೆಸರಾದ ಪ್ಯಾಟ್ ಡಜನ್ ಮತ್ತು ಸಂಗಡಿಗರು ೨೦೧೪ರಲ್ಲಿ ಇದನ್ನು ವಿವರಿಸುತ್ತ ಏಳು ಸಂಬಂಧಗಳನ್ನು ಎಣಿಸಿದರು: ದೇಹ, ಮನಸ್ಸು, ಬಂಧುಬಳಗ, ಸಮುದಾಯ, ಸಂಸ್ಕೃತಿ, ತನ್ನ ನೆಲ, ಪೂರ್ವಿಕರು. ಇವುಗಳೊಡನೆ ಸಂಬಂಧವು ಗಟ್ಟಿಯಾಗಿದ್ದರೆ ಕ್ಷೇಮ, ಸಡಿಲವಾದರೆ ವ್ಯಥೆ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸೆರೆಮನೆಯನ್ನು ನೋಡಿದರೆ ಏಳರಲ್ಲಿ ಬಹುಪಾಲು ಎಳೆಗಳನ್ನು ಅದು ಒಮ್ಮೆಲೇ ಕಡಿದುಹಾಕುತ್ತದೆಂಬುದು ತಿಳಿಯುತ್ತದೆ. ಬಂಧುಗಳು ನೂರಾರು ಮೈಲಿ ದೂರ, ತನ್ನ ನುಡಿಯನ್ನಾಡುವವರು ಕಡಮೆ, ನೆಲವಂತೂ ಗೋಡೆಯಾಚೆ. ಬುದ್ಧಿ ಚೆನ್ನಾಗಿರುವವನು ‘ಇನ್ನು ಆರು ತಿಂಗಳು’ ಎಂದು ಲೆಕ್ಕ ಹಾಕಿ ಸಮಾಧಾನ ಪಡೆಯಬಲ್ಲನು. ಕಾಲದ ಎಣಿಕೆಯೇ ಕಷ್ಟವಾದವನಿಗೆ ಆ ಸಮಾಧಾನವೂ ಇಲ್ಲ. ನಿಯಮಗಳನ್ನು ಮರೆತು ತಪ್ಪು ಮಾಡಿದಾಗ ಅವನನ್ನು ಒಂಟಿ ಕೋಣೆಯಲ್ಲಿ ಹಾಕಿದರೆ, ಉಳಿದಿದ್ದ ಸಂಬಂಧಗಳೂ ಕಡಿದು ಹೋಗುತ್ತವೆ.

ಪರಿಹಾರಗಳೆಲ್ಲವೂ ದುಬಾರಿಯಾದುವೇನಲ್ಲ. ಸೆರೆಗೆ ಬಂದ ದಿನವೇ ಕಿವಿಯನ್ನೂ ಗ್ರಹಣಶಕ್ತಿಯನ್ನೂ ಪರೀಕ್ಷಿಸುವುದು, ಒಂದು ಸಲಕ್ಕೆ ಒಂದೇ ಆಜ್ಞೆಯನ್ನು, ಮುಖಕ್ಕೆ ಮುಖವಿಟ್ಟು, ಸರಳ ಮಾತಿನಲ್ಲಿ ಹೇಳುವುದು, ‘ತಿಳಿಯಿತೇ?’ ಎಂದು ಕೇಳುವುದಕ್ಕೆ ಬದಲಾಗಿ ‘ಏನು ತಿಳಿಯಿತು, ಹೇಳು’ ಎಂದು ಕೇಳುವುದು. ದಿನಚರಿಯನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಹಚ್ಚುವುದು. ಸಮುದಾಯದ ಹಿರಿಯರು ಬಂದು ಹೋಗಲು ಅನುಕೂಲ ಮಾಡುವುದು. ಬಿಡುಗಡೆಯ ದಿನಕ್ಕೆ ಮುಂಚೆಯೇ ಮನೆಯನ್ನೂ ಜೊತೆಗಾರನನ್ನೂ ಗೊತ್ತುಮಾಡುವುದು. ಬ್ಯಾಂಕ್ಸಿಯ ಹಿಲ್ಲಿನಲ್ಲಿ ಪರೀಕ್ಷೆ ನಡೆಸಿದ ಸಂಶೋಧಕರು ಅಲ್ಲಿಯ ಕಾವಲಿನವರಿಗಾಗಿ ಒಂದು ಶಿಕ್ಷಣಕ್ರಮವನ್ನೂ ರೂಪಿಸಿದರು. ಮಕ್ಕಳ ನಡತೆಯನ್ನು ಹಟವೆಂದು ನೋಡದೆ ಮಿದುಳಿನ ಊನದ ಬೆಳಕಿನಲ್ಲಿ ಅರ್ಥಮಾಡಿಕೊಳ್ಳುವುದೇ ಅದರ ತಿರುಳು.

ತಡೆಯಬಹುದಾದ ದಾರಿ

ಸೆರೆಮನೆಯೊಳಗಿನ ಸುಧಾರಣೆ ಅಗತ್ಯವಾದರೂ ಸಾಲದು. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಿಕೆ ಐಲೀನ್ ಬಾಲ್ಡ್ರಿ ಮತ್ತು ಸಹೋದ್ಯೋಗಿಗಳು ಆ ರಾಜ್ಯದ ಸೆರೆಗಳನ್ನು ಕಂಡುಬಂದ ೨,೭೩೧ ಮಂದಿಯ ಜೀವನದ ದಾಖಲೆಗಳನ್ನು ಒಂದುಗೂಡಿಸಿ ಪರಿಶೀಲಿಸಿದರು; ಇವರಲ್ಲಿ ೬೭೬ ಮಂದಿ ಮೂಲನಿವಾಸಿಗಳು. ೨೦೧೫ರಲ್ಲಿ ಹೊರಬಂದ ವರದಿಯ ತಾತ್ಪರ್ಯವಿಷ್ಟು: ಊನವುಳ್ಳ ಮೂಲನಿವಾಸಿಗಳಿಗೆ ಇತರರಿಗಿಂತ ಎಳೆಯ ವಯಸ್ಸಿನಲ್ಲಿಯೇ ಪೊಲೀಸರ ಸಂಪರ್ಕ ಆರಂಭವಾಗುತ್ತದೆ, ಮತ್ತೆ ಮತ್ತೆ ಆಗುತ್ತದೆ. ಶಾಲೆ, ವೈದ್ಯ, ವಸತಿ ಇವು ನೆರವಿಗೆ ಬಾರದ ಕಡೆಯಲ್ಲಿ ಪೊಲೀಸರೇ ಊನದ ನಿರ್ವಾಹಕರಾಗುತ್ತಾರೆ. ಈ ದಾರಿಯನ್ನು ಮೊದಲೇ ಊಹಿಸಬಹುದು, ಆದುದರಿಂದಲೇ ತಡೆಯಲೂಬಹುದು.

ತಡೆಯುವ ಕೆಲಸಕ್ಕೆ ಕೈಹಾಕಿದವರೂ ಉಂಟು. ಕಿಂಬರ್ಲಿಯ ಫಿಟ್ಸ್‌ರಾಯ್ ಕಣಿವೆಯ ಮೂಲನಿವಾಸಿ ಸ್ತ್ರೀಯರು, ಜೂನ್ ಆಸ್ಕರ್ ಮತ್ತು ಎಮಿಲಿ ಕಾರ್ಟರ್ ಮುಂತಾದವರ ಮುಂದಾಳುತನದಲ್ಲಿ, ಕಡು ಮದ್ಯವನ್ನು ಕೊಂಡೊಯ್ಯಲು ಮಾರುವುದನ್ನು ತಮ್ಮ ಊರಿನಲ್ಲಿ ೨೦೦೭ರಲ್ಲಿ ನಿಲ್ಲಿಸುವಂತೆ ಮಾಡಿದರು. ಅಲ್ಲಿಗೆ ನಿಲ್ಲದೆ ವೈದ್ಯರನ್ನು ತಾವೇ ಕರೆಸಿ, ೨೦೦೨ ಮತ್ತು ೨೦೦೩ರಲ್ಲಿ ಹುಟ್ಟಿದ ಮಕ್ಕಳನ್ನು ಪರೀಕ್ಷಿಸಿರೆಂದು ಕೇಳಿಕೊಂಡರು. ಸುಮಾರು ಐವರಲ್ಲಿ ಒಬ್ಬರಿಗೆ ಮದ್ಯದಿಂದಾದ ಊನವಿರುವುದು ತಿಳಿದುಬಂದಿತು. ಅದನ್ನು ಅವರು ಬಚ್ಚಿಡಲಿಲ್ಲ; ಮಕ್ಕಳನ್ನೂ ತಾಯಂದಿರನ್ನೂ ದೂಷಿಸಲಿಲ್ಲ. ಯಾವ ಮಗುವಿಗೆ ಯಾವ ನೆರವು ಬೇಕೆಂಬ ಯೋಜನೆಯನ್ನು ಸಿದ್ಧಪಡಿಸಿದರು. ಹೊರಗಿನವರು ಬಂದು ಅಳೆದು ಹೋಗುವುದಕ್ಕೂ, ಸಮುದಾಯವೇ ವಿಜ್ಞಾನವನ್ನು ಬರಮಾಡಿಕೊಂಡು ಅದರ ಫಲವನ್ನು ತನ್ನ ಕೈಯಲ್ಲಿಟ್ಟುಕೊಳ್ಳುವುದಕ್ಕೂ ಇರುವ ಭೇದವನ್ನು ಇಲ್ಲಿ ನೋಡಬಹುದು.

ಅಬೊರಿಜಿನಲ್ ಭಾಷೆಗಳಲ್ಲಿ ಹಲವಕ್ಕೆ ‘ಊನ’ ಎಂಬುದಕ್ಕೆ ಸರಿಯಾದ ಪದವೇ ಇಲ್ಲವೆಂದು ಆ ಜನರು ಹೇಳುತ್ತಾರೆ. ನಡೆಯಲಾರದವನು, ಕೇಳಲಾರದವನು, ಬೇಗ ಗ್ರಹಿಸಲಾರದವನು ಎಲ್ಲರೂ ಬಳಗದಲ್ಲಿ ತಮ್ಮ ಸ್ಥಾನವನ್ನು ಪಡೆದಿದ್ದರು. ಆ ಬಳಗ ಚದುರಿದಲ್ಲಿ, ಮೊದಲು ಪದವಿಲ್ಲದಿದ್ದ ಸ್ಥಿತಿಗೆ ‘ಅಪರಾಧಿ’ ಎಂಬ ಪದ ಅಂಟಿಕೊಂಡಿತು. ಹಿಂದಿನ ಬಳಗವನ್ನು ಹಾಗೆಯೇ ಮರಳಿ ಕಟ್ಟುವುದು ವಿಜ್ಞಾನದ ಶಕ್ತಿಗೆ ಮೀರಿದುದು. ಆದರೆ ಕಟಕಟೆಯಲ್ಲಿ ನಿಂತವನು ಮಾಡಲೊಲ್ಲದವನೋ ಮಾಡಲಾರದವನೋ ಎಂಬುದನ್ನು, ಸೆರೆಯ ಬಾಗಿಲು ಮುಚ್ಚುವ ಮೊದಲೇ, ಅದು ಹೇಳಬಲ್ಲುದು. ಆ ಮಾತನ್ನು ಕೇಳಿ ನಡೆಯುವುದು ನ್ಯಾಯಾಧೀಶರ, ಶಿಕ್ಷಕರ, ವೈದ್ಯರ ಕರ್ತವ್ಯ. ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಆ ಸ್ಥಾನಗಳಲ್ಲಿ ಕುಳಿತುಕೊಳ್ಳುವವರೇ ಆಗಿದ್ದಾರೆ.